ಮಸಿಗೈಯ ವಿದ್ಯೆ

ಪಂದ್ಯದ ಮೋಟಾರುಗಳ ಎಂಜಿನನ್ನು ಹದಗೊಳಿಸುವುದು ಬರಿಯ ಕೈಕೆಲಸ, ಬುದ್ಧಿಗೆ ಅಲ್ಲಿ ಎಡೆಯಿಲ್ಲವೆಂದು ಕಲಾ ವಿಭಾಗದ ನಮ್ಮಲ್ಲಿ ಹಲವರು ಬಗೆಯುವುದುಂಟು. ಈ ಎಣಿಕೆ ಸರಿಯಲ್ಲವೆಂದು ನನ್ನ ಅಭಿಪ್ರಾಯ. ಇಂಗ್ಲೆಂಡಿನ ಎಂಜಿನಿಯರ್ ಕೀತ್ ಡಕ್‌ವರ್ತರ ಬಾಳೇ ಇದಕ್ಕೆ ಸಾಕ್ಷಿ.

1958ರಲ್ಲಿ ಅವರೂ ಮೈಕ್ ಕಾಸ್ಟಿನ್ನರೂ ಸೇರಿ, ತಮ್ಮ ಹೆಸರುಗಳನ್ನೇ ಬೆಸೆದು ‘ಕಾಸ್‌ವರ್ತ್’ ಸಂಸ್ಥೆಯನ್ನು ಸ್ಥಾಪಿಸಿದರು. ಮೊದಮೊದಲು ಫೋರ್ಡ್ ಆಂಗ್ಲಿಯಾದಂಥ ಸಾಮಾನ್ಯ ಗಾಡಿಯ ಎಂಜಿನನ್ನೇ ತಿದ್ದಿ ಪಂದ್ಯಕ್ಕೆ ಅಣಿಗೊಳಿಸಿದರು. ಎಂಜಿನ್ನಿನ ಬಲವೆಲ್ಲ ಅದರ ಉಸಿರಾಟದಲ್ಲಿದೆ. ಹೆಚ್ಚು ಗಾಳಿ ಒಳಹೊಕ್ಕರೆ ಹೆಚ್ಚು ಇಂಧನ ಉರಿದೀತು. ಆದುದರಿಂದ ಗಾಳಿಯ ದಾರಿ ಹೇಗಿರಬೇಕು, ಕವಾಟಗಳು ಎಷ್ಟು ಓರೆಯಾಗಿರಬೇಕು ಎಂಬುದನ್ನೆಲ್ಲ ಡಕ್‌ವರ್ತರು ಮೊದಲಿನಿಂದ ಯೋಚಿಸಿದರು. ಸಿಲಿಂಡರಿಗೆ ನಾಲ್ಕು ಕವಾಟಗಳುಳ್ಳ, ಎಂಟು ಸಿಲಿಂಡರಿನ, ಮೂರು ಲೀಟರಿನ ಡಿ.ಎಫ್.ವಿ. ಎಂಜಿನು ಈ ಯೋಚನೆಯ ಫಲ. 1967ರಲ್ಲಿ ಹಾಲೆಂಡಿನ ಜಾಂಡ್‌ವೂರ್ಟ್‌ನಲ್ಲಿ ಅದರ ಮೊದಲ ಪಂದ್ಯವನ್ನೇ ಜಿಮ್ ಕ್ಲಾರ್ಕ್ ಗೆದ್ದರು. ಆ ಲೋಟಸ್ ಗಾಡಿಯಲ್ಲಿ ಎಂಜಿನೇ ಬೆನ್ನೆಲುಬು. ಅದರ ಸುತ್ತ ಬೇರೆ ಚೌಕಟ್ಟೇ ಇರಲಿಲ್ಲ. 1983ರ ವರೆಗೆ ಈ ಎಂಜಿನು 155 ಗ್ರಾಂಡ್ ಪ್ರೀ ಜಯಗಳನ್ನು ತಂದಿತು.

ಇದು ಶ್ರೀಮಂತರ ವಿನೋದವಲ್ಲವೇ ಎಂದು ಕೇಳಬಹುದು. ಆಗಿರಬಹುದು. ಆದರೆ ಅಲ್ಲಿನ ವಿದ್ಯೆಗೊಂದು ಪ್ರಾಮಾಣಿಕತೆಯಿದೆ. ಊಹೆ ಎಷ್ಟೇ ಸೊಗಸಾಗಿರಲಿ, ಬಲ ಅಳೆಯುವ ಯಂತ್ರ ಒಪ್ಪದಿದ್ದರೆ ಅದನ್ನು ಕೈಬಿಡಲೇಬೇಕು. ಟಿಪ್ಪಣಿಯನ್ನು ಬಾಯಿಪಾಠ ಮಾಡಿ ತೇರ್ಗಡೆಯಾಗುವ ನಾವು ನಮ್ಮ ಮಾತನ್ನು ಯಾವ ಒರೆಗಲ್ಲಿಗೆ ಉಜ್ಜುತ್ತೇವೆ? ಮಸಿಗೈಯನ್ನು ಕೀಳೆನ್ನುವ ಮುನ್ನ ಮಿತ್ರರು ಇದನ್ನು ಯೋಚಿಸಲಿ.