ಕೈಯಾರೆ ಕಟ್ಟಿದ ಕಾರಿನ ಮೊದಲ ಓಟ

ತಾವೇ ಮುಂದೆ ನಿಂತು ಕಟ್ಟಿಸಿದ ಮನೆಯಲ್ಲಿ ವಾಸಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ತಾವೇ ಕಟ್ಟಿದ ಮೋಟಾರು ಕಾರಿನಲ್ಲಿ ಸಂಚರಿಸುವವರು ಮಾತ್ರ ಅತಿ ವಿರಳ. ಇಂಗ್ಲೆಂಡಿನಲ್ಲಿ ಇದು ಅರವತ್ತು ವರ್ಷಗಳಿಗೂ ಮಿಕ್ಕಿ ಬೆಳೆದು ಬಂದ ಹವ್ಯಾಸ. ವೃತ್ತಿಯಿಂದ ಎಂಜಿನಿಯರುಗಳಲ್ಲದ ಸಾಮಾನ್ಯರು ಸಹ ರಜಾದಿನಗಳ ಬಿಡುವನ್ನು ಕೂಡಿಸಿಟ್ಟು, ಮನೆಯ ಮಗ್ಗುಲಿನ ಕೊಟ್ಟಿಗೆಯಲ್ಲಿ ಪುಟ್ಟ ಸ್ಪೋರ್ಟ್ಸ್ ಕಾರುಗಳನ್ನು ಕಟ್ಟುತ್ತ ಬಂದಿದ್ದಾರೆ.

ಕಾಲಿನ್ ಚಾಪ್‌ಮನ್ ಅವರ ಲೋಟಸ್ ಕಂಪೆನಿಯು 1957ರಲ್ಲಿ ಹೊರತಂದ 'ಸೆವೆನ್' ಎಂಬ ಕಾರು ಈ ಹವ್ಯಾಸಕ್ಕೆ ದಾರಿ ಮಾಡಿಕೊಟ್ಟಿತು. ಸಿದ್ಧವಾದ ಕಾರಿನ ಮೇಲೆ ಅಲ್ಲಿ ಆಗ ಭಾರಿ ಖರೀದಿ ತೆರಿಗೆಯಿತ್ತು; ಬಿಡಿಭಾಗಗಳನ್ನು ಒಯ್ದು ತಾನೇ ಜೋಡಿಸಿಕೊಳ್ಳುವವನಿಗೆ ಆ ಹೊರೆಯಿರಲಿಲ್ಲ. ಜೋಡಣೆಯ ಸೂಚನೆಗಳನ್ನು ಕೊಡಕೂಡದೆಂಬ ನಿಯಮವಿದ್ದುದರಿಂದ ಕಂಪೆನಿಯು ಕಾರನ್ನು ಬಿಚ್ಚುವ ಸೂಚನೆಗಳನ್ನು ಕೊಟ್ಟಿತೆಂದೂ, ಕೊಂಡವರು ಅದನ್ನು ಕೊನೆಯಿಂದ ಮೊದಲಿಗೆ ಓದಿಕೊಂಡರೆಂದೂ ಪ್ರತೀತಿಯಿದೆ. ಆ ತೆರಿಗೆ 1973ರಲ್ಲಿ ರದ್ದಾಯಿತು, ಹವ್ಯಾಸ ಉಳಿಯಿತು. 1996ರಲ್ಲಿ ರಾನ್ ಚಾಂಪಿಯನ್ ಎಂಬವರು 250 ಪೌಂಡಿನಷ್ಟು ಅಲ್ಪ ವೆಚ್ಚದಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವ ಬಗೆಯನ್ನು ವಿವರಿಸುವ ಪುಸ್ತಕವನ್ನೇ ಬರೆದರು. ಹಳೆಯ ಫೋರ್ಡ್ ಎಸ್ಕಾರ್ಟ್ ಕಾರಿನ ಎಂಜಿನ್ ಮೊದಲಾದ ಭಾಗಗಳು, ಚೌಕ ಉಕ್ಕಿನ ಕೊಳವೆಗಳು, ವೆಲ್ಡಿಂಗ್ ಯಂತ್ರ, ಮತ್ತು ಬೇಕಾದಷ್ಟು ತಾಳ್ಮೆ: ಇಷ್ಟೇ ಅದರ ಬಂಡವಾಳ.

ನಮ್ಮ ಗಮನವನ್ನು ಸೆಳೆದಿರುವುದು ಈ ಜನರ ಕೌಶಲಕ್ಕಿಂತ ಹೆಚ್ಚಾಗಿ, ಕಾರು ಸಿದ್ಧವಾದ ಮೇಲೆ ಅವರಲ್ಲಿ ತಿಳಿದವರು ತೋರುವ ಸಂಯಮ. ಎರಡು ಮೂರು ವರ್ಷ ಬೆವರು ಸುರಿಸಿದವನಿಗೆ ಅಂದೇ ಹೆದ್ದಾರಿಗೆ ನುಗ್ಗುವ ಆಸೆ ಸಹಜ. ಆದರೆ ಬಲ್ಲವನು ಹಾಗೆ ಮಾಡುವುದಿಲ್ಲ. ಮೊದಲು ಸ್ಪಾರ್ಕ್ ಪ್ಲಗ್ಗುಗಳನ್ನು ಕಳಚಿ ಎಂಜಿನ್ನನ್ನು ಬರಿದೇ ತಿರುಗಿಸಿ, ಎಣ್ಣೆಯ ಒತ್ತಡ ಏರಿತೆಂದು ಖಚಿತಪಡಿಸಿಕೊಂಡ ಮೇಲೆಯೇ ಅದನ್ನು ಚಾಲೂ ಮಾಡುತ್ತಾನೆ. ಬಳಿಕ ತನ್ನ ಅಂಗಳದಲ್ಲಿ ನಡಿಗೆಯ ವೇಗದಲ್ಲಿ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ. ಬ್ರೇಕಿನ ಪೆಡಲು ಮೆತ್ತಗಿದ್ದರೆ ಕೊಳವೆಯೊಳಗೆ ಗಾಳಿ ಸೇರಿದೆಯೆಂದು ತಿಳಿಯುತ್ತಾನೆ. ಸ್ಟಿಯರಿಂಗು ಒಂದು ಪಕ್ಕಕ್ಕೆ ಎಳೆದರೆ ಚಕ್ರಗಳ ನೇರವನ್ನು ಮತ್ತೆ ಅಳೆಯುತ್ತಾನೆ. ಅಲ್ಪ ದೂರ ಓಡಿಸಿ ನಿಲ್ಲಿಸಿ ನಾಲ್ಕು ಚಕ್ರಗಳ ಹತ್ತಿರವೂ ಕೈ ಹಿಡಿದು ನೋಡುತ್ತಾನೆ. ಒಂದು ಮಾತ್ರ ಬಿಸಿಯಾಗಿದ್ದರೆ ಅಲ್ಲಿ ಬ್ರೇಕು ಅಂಟಿದೆ, ಇಲ್ಲವೇ ಬೇರಿಂಗು ಬಿಗಿದಿದೆ. ಚಕ್ರದ ನಟ್ಟುಗಳನ್ನು ಮರಳಿ ಬಿಗಿ ಮಾಡುತ್ತಾನೆ. ರಾತ್ರಿ ಕಾರಿನ ಕೆಳಗೆ ರಟ್ಟೊಂದನ್ನು ಹಾಸಿಟ್ಟರೆ, ಎಣ್ಣೆ ಎಲ್ಲಿ ಸೋರುತ್ತಿದೆಯೆಂಬುದಕ್ಕೆ ಬೆಳಿಗ್ಗೆ ಅದೇ ಸಾಕ್ಷಿ ಹೇಳುತ್ತದೆ.

ಹೋಟೆಲಿನಲ್ಲಿ ದುಡಿದವರಿಗೆ ಇದರ ಮರ್ಮವನ್ನು ನಾವು ಹೇಳಿಕೊಡಬೇಕಾಗಿಲ್ಲ. ಹೊಸ ದೋಸೆಕಲ್ಲನ್ನು ಎಣ್ಣೆ ಹಚ್ಚಿ ಪಳಗಿಸದೆ ಗಿರಾಕಿಗೆ ದೋಸೆ ಹೊಯ್ಯುವವರುಂಟೆ? ಮೊದಲ ದೋಸೆಗಳು ಕಲ್ಲಿನ ಪರೀಕ್ಷೆಗೆ, ಗಿರಾಕಿಯ ಎಲೆಗಲ್ಲ. ಆದರೆ ಕೆಟ್ಟ ದೋಸೆಯನ್ನು ಎಸೆದುಬಿಡಬಹುದು, ಕೆಟ್ಟ ಬ್ರೇಕಿಗೆ ಬಲಿಯಾದ ಪ್ರಾಣವನ್ನು ಮರಳಿ ತರಲಾಗದು.

ಕಟ್ಟಿದವನ ಸ್ವಂತ ಪರೀಕ್ಷೆಯೊಂದೇ ಸಾಲದೆಂಬುದನ್ನು ಆ ದೇಶದ ಸರಕಾರವೂ ಅರಿತಿದೆ. ಇಂತಹ ಒಂಟಿ ವಾಹನಗಳಿಗಾಗಿಯೇ ಅಲ್ಲಿ ಪ್ರತ್ಯೇಕ ಪರೀಕ್ಷೆಯ ವ್ಯವಸ್ಥೆಯಿದೆ. ಈಗಿನ ಪದ್ಧತಿ 2009ರಿಂದ ಜಾರಿಯಲ್ಲಿದೆ. ಬ್ರೇಕು, ದೀಪ, ಹೊಗೆ, ಸದ್ದು, ಸೀಟುಬೆಲ್ಟು ಎಲ್ಲವನ್ನೂ ಅಧಿಕಾರಿ ತಪಾಸಣೆ ಮಾಡುತ್ತಾನೆ. ಪಾದಚಾರಿಗೆ ತಗಲಬಹುದಾದ ಹೊರಗಿನ ಅಂಚು ಮೊನಚಾಗಿದ್ದರೂ ಕಾರು ಅನುತ್ತೀರ್ಣ. ಮೊದಲೇ ಗೊತ್ತುಪಡಿಸಿದ ಈ ಪರೀಕ್ಷೆಗೆ, ವಿಮೆ ಮಾಡಿಸಿ, ನೋಂದಣಿಯಿಲ್ಲದ ಕಾರನ್ನು ಓಡಿಸಿಕೊಂಡು ಹೋಗಲು ಅನುಮತಿಯಿದೆ. ಹೀಗಾಗಿ ಅನೇಕರ ಪಾಲಿಗೆ ಸಾರ್ವಜನಿಕ ರಸ್ತೆಯ ಮೊದಲ ಪ್ರಯಾಣವೆಂದರೆ ಪರೀಕ್ಷಾ ಕೇಂದ್ರದ ಪ್ರಯಾಣವೇ. ಉತ್ತೀರ್ಣನಾಗಿ ನೋಂದಣಿ ಫಲಕವನ್ನು ಹಾಕಿಕೊಂಡ ಮೇಲಿನ ಆನಂದ ಬೇರೆ: ಅರ್ಧ ಟನ್ನಿನಷ್ಟೇ ತೂಗುವ, ಬಾಗಿಲೂ ಮಾಡೂ ಇಲ್ಲದ ಆ ಬಂಡಿಯಲ್ಲಿ ಕುಳಿತರೆ ಕೈ ಚಾಚಿ ನೆಲ ಮುಟ್ಟಬಹುದು, ಪಕ್ಕದಲ್ಲಿ ಸಾಗುವ ಲಾರಿಯ ಚಕ್ರ ತಲೆಯೆತ್ತರಕ್ಕೆ ಕಾಣುತ್ತದೆ.

ನಮ್ಮ ದೇಶದ ಸ್ಥಿತಿಯೇನು? ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕಸುಬುದಾರರೊಬ್ಬರು ಗುಜರಿಯ ಸಾಮಾನುಗಳಿಂದ, ಒದ್ದು ಚಾಲೂ ಮಾಡುವ ಪುಟ್ಟ ವಾಹನವೊಂದನ್ನು ಕಟ್ಟಿದ ಸುದ್ದಿ 2021ರ ಡಿಸೆಂಬರಿನಲ್ಲಿ ದೇಶವೆಲ್ಲ ಹಬ್ಬಿತು. ಉದ್ಯಮಿ ಆನಂದ್ ಮಹೀಂದ್ರಾ ಅವರು ಆ ಜಾಣ್ಮೆಯನ್ನು ಮನಸಾರೆ ಹೊಗಳಿದರು. ಆದರೆ ಇದು ನಿಯಮಗಳಿಗೆ ಹೊಂದದ್ದರಿಂದ ಅಧಿಕಾರಿಗಳು ಇಂದಲ್ಲ ನಾಳೆ ತಡೆಯುವರೆಂದೂ ಎಚ್ಚರಿಸಿ, ಬದಲಿಗೆ ಬೊಲೆರೊ ವಾಹನವನ್ನು ಕೊಡಿಸಿದರು. ಕಸುಬಿಗೆ ಸಂದ ಗೌರವವದು, ನಿಜ. ಆದರೆ ಅಂತಹ ಉದಾರಿ ಎಲ್ಲರ ಬಾಗಿಲಿಗೂ ಬರುವನೇ? ಕಾರ್ಖಾನೆಗಳನ್ನು ಮನಸ್ಸಿನಲ್ಲಿರಿಸಿಕೊಂಡು ರಚಿತವಾದ ನಮ್ಮ ನಿಯಮಗಳು, ಮಾದರಿ ವಾಹನವನ್ನು ಪುಣೆಯ ಎ.ಆರ್.ಎ.ಐ.ಯಂತಹ ಸಂಸ್ಥೆಗಳಲ್ಲಿ ಪರೀಕ್ಷೆಗೊಳಪಡಿಸಬೇಕೆನ್ನುತ್ತವೆ. ಒಂದೇ ವಾಹನ ಕಟ್ಟಿದ ಬಡ ಕಸುಬುದಾರನಿಗೆ ಅದು ಎಟುಕದ ಎತ್ತರ. ಇದ್ದ ವಾಹನವನ್ನೂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾಗಿ ಬದಲಿಸಕೂಡದೆಂದು ಸುಪ್ರೀಂ ಕೋರ್ಟು 2019ರಲ್ಲಿ ಸ್ಪಷ್ಟಪಡಿಸಿದೆ.

ಕಾನೂನು ಬಿಗಿಯಾಗಿರುವುದನ್ನು ನಾವು ಆಕ್ಷೇಪಿಸುವುದಿಲ್ಲ. ರಸ್ತೆ ಎಲ್ಲರ ಸೊತ್ತು. ಒಬ್ಬನ ಹವ್ಯಾಸಕ್ಕೆ ಇನ್ನೊಬ್ಬನ ಮಗು ಬೆಲೆ ತೆರಬಾರದು. ನಮ್ಮ ಕೋರಿಕೆ ಇಷ್ಟೇ: ಬಾಗಿಲನ್ನು ಮುಚ್ಚುವ ಬದಲು ಬಾಗಿಲಲ್ಲಿ ಪರೀಕ್ಷಕನನ್ನು ನಿಲ್ಲಿಸಿರಿ. ಇದು ನಮ್ಮಲ್ಲಿ ಆಗದ ಮಾತಲ್ಲ. ಕೊಯಮತ್ತೂರಿನ ಕರಿ ಓಟಪಥದಲ್ಲಿ ಫಾರ್ಮುಲಾ ಭಾರತ್ ಸ್ಪರ್ಧೆಗಾಗಿ ಕಾಲೇಜು ವಿದ್ಯಾರ್ಥಿಗಳು ತಾವೇ ಕಟ್ಟಿದ ಕಾರುಗಳನ್ನು ತರುತ್ತಾರೆ. ಅಲ್ಲಿ ಕಾರನ್ನು 60 ಡಿಗ್ರಿ ವಾಲಿಸಿ ಎಣ್ಣೆ ಸೋರದೆಂದು ನೋಡುತ್ತಾರೆ. ಬ್ರೇಕು ಒತ್ತಿದಾಗ ನಾಲ್ಕು ಚಕ್ರಗಳೂ ಒಟ್ಟಿಗೆ ಹಿಡಿದು ನಿಂತರೆ ಮಾತ್ರ ಓಟಕ್ಕೆ ಬಿಡುತ್ತಾರೆ. ಓಟಪಥದಲ್ಲಿ ಸಾಧ್ಯವಾದ ಶಿಸ್ತು ಸಾರಿಗೆ ಇಲಾಖೆಗೆ ಅಸಾಧ್ಯವೇ?

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಓದಿದವರ ಪರಂಪರೆ ಮುಂಬಯಿ ಕನ್ನಡಿಗರದು. ಅವರ ಮಕ್ಕಳಲ್ಲಿ ಹಲವರು ಇಂದು ಗ್ಯಾರೇಜುಗಳಲ್ಲಿ, ಐ.ಟಿ.ಐ.ಗಳಲ್ಲಿ ಯಂತ್ರವಿದ್ಯೆ ಕಲಿಯುತ್ತಿದ್ದಾರೆ. ಮೋಟಾರು ಸೈಕಲಿನ ಸೈಲೆನ್ಸರು ಕಿತ್ತು ಬೀದಿಯ ನಿದ್ದೆ ಕೆಡಿಸುವುದನ್ನೇ ಸಾಹಸವೆಂದು ಬಗೆದ ತರುಣರಿಗೆ ನಾವು ಹೇಳುವುದಿಷ್ಟು: ವೇಗ ಯಾರಿಗಾದರೂ ಸಾಧ್ಯ, ತಾನು ಬಿಗಿದ ನಟ್ಟನ್ನು ತಾನೇ ಶಂಕಿಸಿ ಮತ್ತೆ ಮುಟ್ಟಿ ನೋಡುವವನೇ ನಿಜವಾದ ಕಸುಬುಗಾರ. ಅಂತಹ ಕೈಗಳು ನಮ್ಮ ಸಮಾಜದಲ್ಲಿ ಹೆಚ್ಚಲಿ, ಅವುಗಳಿಗೆ ಸರಕಾರ ನ್ಯಾಯವಾದ ದಾರಿಯೊಂದನ್ನು ತೆರೆಯಲಿ ಎಂದು ಹಾರೈಸುತ್ತೇವೆ.