ಗೋತ್ರ ಕೇಳುತ್ತೇವೆ, ರಕ್ತಪರೀಕ್ಷೆ ಯಾಕೆ ಕೇಳುವುದಿಲ್ಲ?

ಕಾಶಿಗೆ ಬರುವ ಕನ್ನಡಿಗರಿಗೆ ಘಾಟ್‌ನಲ್ಲಿ ಎದುರಾಗುವ ಮೊದಲ ಪ್ರಶ್ನೆ 'ಯಾವ ಊರು?' ಎರಡನೆಯದು 'ಯಾವ ಗೋತ್ರ?' ಸಂಕಲ್ಪ ಮಾಡಿಸುವ ಪುರೋಹಿತರಿಗೆ ಎರಡೂ ಬೇಕು. ಗೋತ್ರ ಗೊತ್ತಿಲ್ಲ ಎಂದವರಿಗೆ ಕಾಶ್ಯಪ ಗೋತ್ರವೆಂದು ಹೇಳಿಸಿ ಕೆಲಸ ಮುಂದುವರಿಸುತ್ತಾರೆ. ನಮ್ಮ ಊರುಗಳಲ್ಲಿ ಹೆಣ್ಣು-ಗಂಡಿನ ಮಾತು ಶುರುವಾಗುವುದೂ ಇದೇ ಪ್ರಶ್ನೆಯಿಂದ. ಗೋತ್ರ ಹೇಳದ ಸಮುದಾಯಗಳಲ್ಲಿ ಬೆಡಗು ಕೇಳುತ್ತಾರೆ, ಕರಾವಳಿಯಲ್ಲಿ ಬಳಿ ಕೇಳುತ್ತಾರೆ. ಹೆಸರು ಯಾವುದಾದರೂ ಇರಲಿ, ಉದ್ದೇಶ ಒಂದೇ: ಒಂದೇ ರಕ್ತದವರು ಮದುವೆಯಾಗಬಾರದು.

ಉದ್ದೇಶ ಸರಿಯಾಗಿಯೇ ಇದೆ. ಆದರೆ ಗೋತ್ರ ಅಳೆಯುತ್ತಿರುವುದು ರಕ್ತಸಂಬಂಧವನ್ನೇ? ನಮ್ಮ ಅಜ್ಜಂದಿರಿಗೆ ಇದನ್ನು ಪರೀಕ್ಷಿಸುವ ದಾರಿ ಇರಲಿಲ್ಲ. ನಮಗೆ ಇದೆ.

ನಮ್ಮ ದೇಹದ ಬಹುತೇಕ ಎಲ್ಲ ಜೀವಕೋಶಗಳಲ್ಲೂ 23 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ. ಅವುಗಳೊಳಗೆ ಸುತ್ತಿಟ್ಟಿರುವ ಡಿಎನ್‌ಎಯನ್ನು ನಾಲ್ಕೇ ಅಕ್ಷರಗಳ ಒಂದು ದೊಡ್ಡ ಗ್ರಂಥ ಎನ್ನಬಹುದು. ಒಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರ. ಅದರಲ್ಲಿ ಅಲ್ಲಲ್ಲಿ ಬರುವ ಅರ್ಥವತ್ತಾದ ವಾಕ್ಯಗಳೇ ಜೀನ್‌ಗಳು, ಅಂದರೆ ವಂಶವಾಹಿಗಳು. ಅವುಗಳ ಸಂಖ್ಯೆ ಸುಮಾರು 20 ಸಾವಿರ. ಮಗುವಿಗೆ ಹೋಗುವುದು ತಾಯಿಯ ಅರ್ಧ, ತಂದೆಯ ಅರ್ಧ. ಯಾವ ಅರ್ಧ ಎಂಬುದು ಪ್ರತಿ ಸಲವೂ ಚೀಟಿ ಎತ್ತಿದ ಹಾಗೆ.

ಈ ಹಂಚಿಕೆಯಲ್ಲಿ ಎರಡು ಅಪವಾದಗಳಿವೆ. ವೈ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಹೋಗುತ್ತದೆ. ಗೋತ್ರ ಸಾಗುವ ದಾರಿಯೂ ಇದೇ. ಇನ್ನೊಂದು, ಜೀವಕೋಶದ ಮೈಟೊಕಾಂಡ್ರಿಯಾದಲ್ಲಿರುವ ಪುಟ್ಟ ಡಿಎನ್‌ಎ. ಇದು ಮಕ್ಕಳೆಲ್ಲರಿಗೂ ತಾಯಿಯಿಂದಲೇ ಬರುತ್ತದೆ, ಮುಂದೆ ಹೆಣ್ಣುಮಕ್ಕಳ ಮೂಲಕ ಮಾತ್ರ ಸಾಗುತ್ತದೆ. ಅಳಿಯಸಂತಾನದವರ ಬಳಿಯ ದಾರಿ ಇದು. ನಮ್ಮ ಹಿರಿಯರು ಹೆಸರು ಗೊತ್ತಿಲ್ಲದೆಯೇ ಈ ಎರಡು ದಾರಿಗಳನ್ನು ಗುರುತಿಸಿಟ್ಟಿದ್ದರು ಎನ್ನುವುದು ಸೋಜಿಗವೇ.

ಒಂದೇ ಎಳೆ ಹಿಡಿದು ಎಷ್ಟು ದೂರ ಹೋಗಬಹುದು ಎನ್ನುವುದಕ್ಕೆ ಇಲ್ಲಿನ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಪಾಲ್ಗೊಂಡ ಒಂದು ಅಧ್ಯಯನ ಒಳ್ಳೆಯ ಉದಾಹರಣೆ. 2014ರಲ್ಲಿ ಪಂಜಾಬಿನ ಅಜನಾಲಾದ ಹಳೆಯ ಬಾವಿಯೊಂದರಲ್ಲಿ ರಾಶಿ ರಾಶಿ ಮನುಷ್ಯರ ಎಲುಬುಗಳು ಸಿಕ್ಕವು. 1857ರ ದಂಗೆಯಲ್ಲಿ ಕೊಲೆಯಾದ ಸಿಪಾಯಿಗಳದ್ದು ಎಂದು ಕೆಲವರು, ದೇಶ ವಿಭಜನೆಯ ಕಾಲದ್ದು ಎಂದು ಕೆಲವರು ವಾದಿಸಿದರು. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯ, ಹೈದರಾಬಾದಿನ ಸಿಸಿಎಂಬಿ, ಲಖನೌನ ಬೀರಬಲ್ ಸಾಹನಿ ಸಂಸ್ಥೆ ಮತ್ತು ಬಿಎಚ್‌ಯುನ ಜ್ಞಾನೇಶ್ವರ್ ಚೌಬೆ ಅವರ ತಂಡ ಸೇರಿ 50 ಮಾದರಿಗಳ ಮೈಟೊಕಾಂಡ್ರಿಯಾ ಡಿಎನ್‌ಎ ಓದಿದವು. 85 ಮಾದರಿಗಳ ಐಸೊಟೋಪ್ ಪರೀಕ್ಷೆಯೂ ನಡೆಯಿತು. 2022ರಲ್ಲಿ ಬಂದ ಉತ್ತರ: ಇವರು ಪಂಜಾಬಿನವರಲ್ಲ, ಗಂಗಾ ಬಯಲಿನ ಕಡೆಯವರು. ತಾಯಂದಿರ ಎಳೆ ಸತ್ತವರ ಸೀಮೆಯನ್ನು ತೋರಿಸಿತು. ಆದರೆ ಯಾರ ಮನೆಯ ಮಗ ಯಾರು ಎನ್ನುವುದನ್ನು ಆ ಒಂದು ಎಳೆಯಿಂದ ಹೇಳಲಾಗದು.

ಗೋತ್ರದ ಮಿತಿಯೂ ಇದೇ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಮ್ಮ ವಂಶವೃಕ್ಷದಲ್ಲಿ 1,024 ಪೂರ್ವಜರ ಸ್ಥಾನಗಳಿರುತ್ತವೆ. ಗೋತ್ರ ಹಿಡಿದುಕೊಳ್ಳುವುದು ಅದರಲ್ಲಿ ಒಂದನ್ನು. ಉಳಿದ 1,023 ಸ್ಥಾನಗಳ ಬಗ್ಗೆ ಅದು ಏನೂ ಹೇಳುವುದಿಲ್ಲ. ಗೋತ್ರ ಬೇರೆಯಾದ ಮಾತ್ರಕ್ಕೆ ರಕ್ತ ಬೇರೆ ಎಂದೇನಿಲ್ಲ.

ಇದು ಎದ್ದು ಕಾಣುವುದು ನಮ್ಮ ಸೋದರಮಾವನ ಮದುವೆಯಲ್ಲಿ. ಅಕ್ಕ ಮದುವೆಯಾಗಿ ಹೋದಮೇಲೆ ಅವಳ ಮಗಳದ್ದು ಬೇರೆ ಗೋತ್ರ. ಹಾಗಾಗಿ ಅಕ್ಕನ ಮಗಳನ್ನು ತಂದುಕೊಳ್ಳಲು ಗೋತ್ರದ ಅಡ್ಡಿಯಿಲ್ಲ. ಡಿಎನ್‌ಎ ಲೆಕ್ಕದಲ್ಲಿ ನೋಡಿ: ಅಕ್ಕ-ತಮ್ಮ ಸರಾಸರಿ ಅರ್ಧ ಹಂಚಿಕೊಳ್ಳುತ್ತಾರೆ, ಮಾವ ಮತ್ತು ಅಕ್ಕನ ಮಗಳು ಕಾಲು ಭಾಗ. ಅಜ್ಜ-ಮೊಮ್ಮಗಳಿಗೆ ಇರುವಷ್ಟೇ ಹತ್ತಿರದ ನಂಟು. ಅತ್ತೆಯ ಮಗ-ಮಾವನ ಮಗಳಿಗೆ ಎಂಟನೇ ಒಂದು ಭಾಗ.

ವಾರಾಣಸಿಯಲ್ಲಿ ಸಹೋದ್ಯೋಗಿಗಳಿಗೆ ಇದನ್ನು ಹೇಳಿದರೆ 'ಮಾಮಾ ಸೇ ಶಾದಿ?' ಎಂದು ಹೌಹಾರುತ್ತಾರೆ. ಇಲ್ಲಿನ ಹಿಂದೂಗಳಲ್ಲಿ ತಾಯಿಯ ಕಡೆಯ ಹತ್ತಿರದ ನಂಟನ್ನೂ ಬಿಟ್ಟು ಸಂಬಂಧ ಹುಡುಕುವುದು ರೂಢಿ. 1955ರ ಹಿಂದೂ ವಿವಾಹ ಕಾಯ್ದೆಯ ನಿಷೇಧಿತ ಸಂಬಂಧಗಳ ಪಟ್ಟಿಯಲ್ಲೂ ಮಾವ-ಸೊಸೆಯ ಸಂಬಂಧ ಇದೆ. ಸಮುದಾಯದಲ್ಲಿ ಪದ್ಧತಿ ಇದ್ದರೆ ಅಡ್ಡಿಯಿಲ್ಲ ಎಂಬ ವಿನಾಯಿತಿಯಿಂದ ನಮ್ಮ ಮದುವೆಗಳು ನಡೆಯುತ್ತವೆ. 1980ರ ದಶಕದ ಆರಂಭದಲ್ಲಿ ರಾಧಾ ರಮಾದೇವಿ, ಎನ್. ಅಪ್ಪಾಜಿ ರಾವ್ ಮತ್ತು ಅಲನ್ ಬಿಟಲ್ಸ್ ಕರ್ನಾಟಕದಲ್ಲಿ 65 ಸಾವಿರಕ್ಕೂ ಹೆಚ್ಚು ಮದುವೆಗಳ ಲೆಕ್ಕ ತೆಗೆದಾಗ ಸುಮಾರು ಮೂರನೇ ಒಂದು ಭಾಗ ಸಂಬಂಧದಲ್ಲೇ ಆದವು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಈ ಪ್ರಮಾಣ ಕಾಲು ಭಾಗಕ್ಕಿಂತ ಹೆಚ್ಚೇ ಇದೆ.

ಹಾಗೆಂದು ಉತ್ತರದವರು ನಗುವ ಹಾಗಿಲ್ಲ. ಅದಕ್ಕೆ ಕಾರಣ ಹೇಳಿದವರಲ್ಲಿ ಇದೇ ಸೀಮೆಯವರೊಬ್ಬರಿದ್ದಾರೆ: ವಾರಾಣಸಿ ಪಕ್ಕದ ಜೌನ್‌ಪುರ ಜಿಲ್ಲೆಯ ಲಾಲ್‌ಜಿ ಸಿಂಗ್. ಬಿಎಚ್‌ಯುನಲ್ಲಿ ಓದಿ, ಹೈದರಾಬಾದಿನ ಸಿಸಿಎಂಬಿಯಲ್ಲಿ ಭಾರತದ ಡಿಎನ್‌ಎ ಬೆರಳಚ್ಚು ತಂತ್ರವನ್ನು ಕಟ್ಟಿ, 2011ರಿಂದ 2014ರವರೆಗೆ ಬಿಎಚ್‌ಯು ಕುಲಪತಿಯಾಗಿದ್ದವರು. 2017ರ ಡಿಸೆಂಬರಿನಲ್ಲಿ ತೀರಿಕೊಂಡದ್ದೂ ಇಲ್ಲಿಯೇ. ಅವರು, ಕೆ. ತಂಗರಾಜ್, ಅಮೆರಿಕದ ಡೇವಿಡ್ ರೈಕ್ ಮತ್ತಿತರರು 2009ರಲ್ಲಿ ಭಾರತದ 25 ಸಮುದಾಯಗಳ ಡಿಎನ್‌ಎ ಹೋಲಿಸಿ ಪ್ರಕಟಿಸಿದ ಪ್ರಬಂಧದಲ್ಲಿ ಎರಡು ಮಾತುಗಳಿದ್ದವು. ಒಂದು, ಭಾರತದ ಬಹುತೇಕ ಎಲ್ಲ ಸಮುದಾಯಗಳೂ ಎರಡು ಪ್ರಾಚೀನ ಜನಸಮೂಹಗಳ ಮಿಶ್ರಣ. ಎರಡು, ಹಲವು ಸಮುದಾಯಗಳು ಕೆಲವೇ ಪೂರ್ವಜರಿಂದ ಬೆಳೆದು, ಆಮೇಲೆ ತಮ್ಮೊಳಗೇ ಮದುವೆಯಾಗುತ್ತ ಬಂದಿವೆ.

ಪತ್ರಿಕೆಗಳು ಮೊದಲನೆಯದನ್ನು ಹಿಡಿದುಕೊಂಡವು. ಆರ್ಯ-ದ್ರಾವಿಡ ಜಗಳಕ್ಕೆ ಅದು ಬೇಕಾಗಿತ್ತು. ನಮ್ಮ ಮನೆಗಳಿಗೆ ಬೇಕಾಗಿದ್ದದ್ದು ಎರಡನೆಯದು. 2017ರಲ್ಲಿ ಇದೇ ತಂಡದ ಮುಂದುವರಿದ ಅಧ್ಯಯನ ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ನೋಡಿತು. ಕಾಯಿಲೆಯ ಜೀನ್‌ಗಳ ಅಧ್ಯಯನಕ್ಕೆ ಜಗತ್ತಿನಲ್ಲೇ ಹೆಸರಾದ ಫಿನ್ಲೆಂಡಿನವರು ಮತ್ತು ಅಶ್ಕೆನಾಜಿ ಯಹೂದಿಗಳಿಗಿಂತ ಹೆಚ್ಚಿನ ಒಳನಂಟು 81 ಸಮುದಾಯಗಳಲ್ಲಿ ಕಂಡಿತು. ಆಂಧ್ರದ ವೈಶ್ಯರ ಉದಾಹರಣೆಯೂ ಅದರಲ್ಲಿದೆ: ಅರಿವಳಿಕೆಯಲ್ಲಿ ಬಳಸುವ ಒಂದು ಔಷಧವನ್ನು ಕರಗಿಸುವ ಕಿಣ್ವದ ಕೊರತೆ ಅವರಲ್ಲಿ ಬೇರೆಯವರಿಗಿಂತ ಎಷ್ಟೋ ಪಟ್ಟು ಹೆಚ್ಚು. ಆಪರೇಷನ್‌ಗೆ ಮುಂಚೆ ಡಾಕ್ಟರಿಗೆ ಇದು ಗೊತ್ತಿದ್ದರೆ ಔಷಧ ಬದಲಿಸಬಹುದು, ಗೊತ್ತಿಲ್ಲದಿದ್ದರೆ ರೋಗಿ ಗಂಟೆಗಟ್ಟಲೆ ಸ್ವಂತ ಉಸಿರಾಡಲಾರ. ಒಂದು ಜಾತಿಯ ಡಿಎನ್‌ಎ ತಿಳಿಯುವುದರಿಂದ ಆಗುವ ನಿಜವಾದ ಉಪಯೋಗ ಇಂಥದ್ದು. ಅದರಲ್ಲಿ ಹೆಮ್ಮೆಪಡುವಂಥದ್ದೂ ಇಲ್ಲ, ನಾಚಿಕೆಪಡುವಂಥದ್ದೂ ಇಲ್ಲ.

ಒಳನಂಟಿನಿಂದ ತೊಂದರೆ ಹೇಗೆ ಬರುತ್ತದೆ? ನಮ್ಮೆಲ್ಲರಲ್ಲೂ ಕೆಟ್ಟ ಜೀನ್‌ನ ಒಂದೆರಡಾದರೂ ಪ್ರತಿಗಳು ಇರುತ್ತವೆ. ಜೊತೆಯಲ್ಲಿರುವ ಇನ್ನೊಂದು ಪ್ರತಿ ಚೆನ್ನಾಗಿರುವುದರಿಂದ ನಮಗೆ ಏನೂ ಆಗುವುದಿಲ್ಲ. ಇಂಥವರನ್ನು ವಾಹಕರು ಎನ್ನುತ್ತಾರೆ. ವಾಹಕ ರೋಗಿಯಲ್ಲ. ಆದರೆ ಗಂಡ-ಹೆಂಡತಿ ಇಬ್ಬರೂ ಒಂದೇ ಜೀನ್‌ನ ವಾಹಕರಾದರೆ, ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಥಲಸ್ಸೀಮಿಯಾ, ಹುಟ್ಟು ಕಿವುಡಿನ ಹಲವು ಬಗೆಗಳು, 16 ಕೋಟಿ ರೂಪಾಯಿಯ ಇಂಜೆಕ್ಷನ್‌ಗಾಗಿ ತಂದೆತಾಯಿ ಮೊಬೈಲ್‌ನಲ್ಲಿ ಕೈಚಾಚುವ ಎಸ್‌ಎಂಎ, ಇವೆಲ್ಲ ಬರುವುದು ಹೀಗೆಯೇ.

ಒಂದು ಲೆಕ್ಕ ಹಾಕೋಣ. ನೂರರಲ್ಲಿ ಒಬ್ಬರು ವಾಹಕರಾಗಿರುವ ಒಂದು ಕಾಯಿಲೆ ಎಂದಿಟ್ಟುಕೊಳ್ಳಿ. ಹುಡುಗನ ತಾಯಿ ಅದರ ವಾಹಕಿ. ಹುಡುಗನಿಗೆ ಅದು ಬಂದಿರುವ ಸಂಭವ ಅರ್ಧ. ಹೊರಗಿನ ಹುಡುಗಿ ತಂದರೆ ಅವಳು ವಾಹಕಿಯಾಗಿರುವ ಸಂಭವ ನೂರರಲ್ಲಿ ಒಂದು; ಮಗುವಿಗೆ ಕಾಯಿಲೆ ಬರುವ ಸಂಭವ 800ರಲ್ಲಿ ಒಂದು. ಅಕ್ಕನ ಮಗಳನ್ನೇ ತಂದರೆ ಆ ತಾಯಿ ಅವಳಿಗೆ ಅಜ್ಜಿ, ಅವಳಿಗೆ ಬಂದಿರುವ ಸಂಭವ ಕಾಲು. ಮಗುವಿಗೆ 32ರಲ್ಲಿ ಒಂದು. 25 ಪಟ್ಟು ವ್ಯತ್ಯಾಸ. ಇನ್ನು ನಂಟಿಲ್ಲದ ಹುಡುಗಿಯನ್ನು ತಂದರೂ ಅದೇ ಸಣ್ಣ ಜಾತಿಯೊಳಗೆ ತಂದರೆ, ಅಲ್ಲಿ ಆ ಕಾಯಿಲೆಯ ವಾಹಕರು ಇಪ್ಪತ್ತರಲ್ಲಿ ಒಬ್ಬರಿದ್ದರೆ, 160ರಲ್ಲಿ ಒಂದು. ಅಂದರೆ ಕಾಶಿಯವರ ಗೋತ್ರ ಬಿಟ್ಟ ಮದುವೆಯೂ ಪೂರ್ತಿ ಹೊರಗಿನ ಮದುವೆಯಲ್ಲ.

ಈ ಲೆಕ್ಕ ನೋಡಿ ಹೆದರಬೇಕಾಗಿಲ್ಲ. ಯಾವ ದಂಪತಿಗಾದರೂ ಹುಟ್ಟುವ ನೂರು ಮಕ್ಕಳಲ್ಲಿ ಎರಡು-ಮೂರು ಮಕ್ಕಳಿಗೆ ಹುಟ್ಟಿನಿಂದ ಬರುವ ಗಂಭೀರ ತೊಂದರೆ ಇರಬಹುದು. ಅತ್ತೆ-ಮಾವನ ಮಕ್ಕಳ ಮದುವೆಯಲ್ಲಿ ಇದಕ್ಕೆ ಇನ್ನೂ ಎರಡು-ಮೂರು ಸೇರುತ್ತದೆ, ಸೋದರಮಾವನ ಮದುವೆಯಲ್ಲಿ ಅದಕ್ಕಿಂತ ಹೆಚ್ಚು. ಹಾಗಿದ್ದರೂ ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಈಗಾಗಲೇ ಸಂಬಂಧದಲ್ಲಿ ಮದುವೆಯಾದವರನ್ನು ಹಂಗಿಸುವುದು ತಪ್ಪು. ಗೊತ್ತಿರುವ ಮನೆ, ಮಗಳು ಕಣ್ಣೆದುರಿಗೇ ಇರುತ್ತಾಳೆ, ವರದಕ್ಷಿಣೆಯ ಕಾಟವಿಲ್ಲ, ಹೊಲ ಹರಿದು ಹೋಗುವುದಿಲ್ಲ: ನಮ್ಮ ಹಿರಿಯರು ಲೆಕ್ಕ ಹಾಕಿಯೇ ಈ ಮದುವೆ ಮಾಡುತ್ತಿದ್ದರು. ಆ ಲೆಕ್ಕದಲ್ಲಿ ಇಲ್ಲದೆ ಹೋದದ್ದು ಮಗು ಮಾತ್ರ.

ನಾನು ಹೇಳುವುದು ಇಷ್ಟೇ: ಜಾತಕದ ಜೊತೆಗೆ ಒಂದು ರಕ್ತಪರೀಕ್ಷೆಯ ವರದಿಯೂ ಇರಲಿ. ಸಂಬಂಧದಲ್ಲಿ ಮದುವೆಯಾಗುವವರಿಗೆ ಇದು ತೀರಾ ಅಗತ್ಯ, ಒಂದೇ ಜಾತಿಯೊಳಗೆ ಆಗುವವರಿಗೂ ಬೇಕು. ಥಲಸ್ಸೀಮಿಯಾ ವಾಹಕರನ್ನು ಗುರುತಿಸುವ ಹಿಮೋಗ್ಲೋಬಿನ್ ಪರೀಕ್ಷೆಗೆ ಆಗುವ ಖರ್ಚು ಕಲ್ಯಾಣಮಂಟಪದ ಹೂವಿನ ಅಲಂಕಾರದ ಮುಂದೆ ಏನೂ ಅಲ್ಲ. ಎಷ್ಟೋ ವಾಹಕರು ರಕ್ತಹೀನತೆ ಎಂದುಕೊಂಡು ವರ್ಷಗಟ್ಟಲೆ ಕಬ್ಬಿಣದ ಮಾತ್ರೆ ನುಂಗುತ್ತಿರುತ್ತಾರೆ. ಎಸ್‌ಎಂಎ ವಾಹಕರನ್ನೂ ರಕ್ತಪರೀಕ್ಷೆಯಿಂದ ಗುರುತಿಸಬಹುದು. ಎಲ್ಲ ಕಾಯಿಲೆಯನ್ನೂ ಹಿಡಿಯುವ ಒಂದೇ ಪರೀಕ್ಷೆ ಇಲ್ಲ, ನಿಜ. ಅದಕ್ಕೇ ಎರಡೂ ಮನೆಗಳಲ್ಲಿ ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳೆಷ್ಟು, ಮಾತು ಬಾರದವರು ಯಾರು, ನಡೆಯಲಾಗದವರು ಯಾರು ಎಂದು ಮುಚ್ಚಿಡದೆ ಹೇಳಿಕೊಳ್ಳಬೇಕು. 'ದೇವರ ಇಚ್ಛೆ' ಎಂದು ಮರೆತ ಆ ಹೆಸರುಗಳಲ್ಲಿ ವೈದ್ಯರಿಗೆ ಬೇಕಾದ ಸುಳಿವು ಇರುತ್ತದೆ.

ಒಂದು ಹೆದರಿಕೆ ನನಗೂ ಇದೆ. ಈ ವರದಿ ಕೈಗೆ ಬಂದರೆ ಅದು ಹುಡುಗಿಯನ್ನು ಬೇಡ ಎನ್ನಲು ಇನ್ನೊಂದು ನೆಪವಾಗಬಹುದು. ಹುಡುಗನೂ ಅಷ್ಟೇ ವಾಹಕನಾಗಿರಬಹುದು ಎನ್ನುವುದನ್ನು ಕೇಳುವವರು ಯಾರು? ಇದಕ್ಕೆ ನ್ಯೂಯಾರ್ಕಿನ ಸಂಪ್ರದಾಯಸ್ಥ ಯಹೂದಿಗಳು ಒಂದು ದಾರಿ ಕಂಡುಕೊಂಡಿದ್ದಾರೆ. ಅವರಲ್ಲೂ ಹಿರಿಯರೇ ಕೂಡಿಸುವ ಮದುವೆ. ಟೇ-ಸ್ಯಾಕ್ಸ್ ಎಂಬ ಕಾಯಿಲೆಯಿಂದ ತಮ್ಮ ನಾಲ್ಕು ಮಕ್ಕಳನ್ನು ಕಳೆದುಕೊಂಡ ಜೋಸೆಫ್ ಎಕ್‌ಸ್ಟೈನ್ ಎಂಬ ರಬ್ಬಿ 1980ರ ದಶಕದಲ್ಲಿ 'ದೋರ್ ಯೆಶೋರಿಮ್' ಎಂಬ ಸಂಸ್ಥೆ ಕಟ್ಟಿದರು. ಯುವಕ ಯುವತಿಯರ ರಕ್ತ ಪರೀಕ್ಷಿಸಿ ಒಂದು ನಂಬರ್ ಕೊಡುತ್ತಾರೆ. ಸಂಬಂಧದ ಮಾತು ಬಂದಾಗ ಎರಡು ನಂಬರ್ ಹೇಳಿದರೆ, ಜೋಡಿ ಹೊಂದುತ್ತದೆಯೋ ಇಲ್ಲವೋ ಎಂಬುದಷ್ಟೇ ಉತ್ತರ. ಹೊಂದುವ ಜೋಡಿಯಲ್ಲಿ ಯಾರು ವಾಹಕರು ಎಂಬುದು ಯಾರಿಗೂ ತಿಳಿಯುವುದಿಲ್ಲ. ಜಾತಕ ಕೂಡಿಸುವ ನಮಗೆ ಇದು ಅರ್ಥವಾಗದ ಮಾತೇನಲ್ಲ. ಮಠಗಳು, ಸಮುದಾಯದ ಸಂಘಗಳು, ವಧೂವರರ ಸಮಾವೇಶ ನಡೆಸುವವರು ಮನಸ್ಸು ಮಾಡಿದರೆ ಕರ್ನಾಟಕದಲ್ಲೂ ಆಗುತ್ತದೆ.

ಸರ್ಕಾರವೂ ಒಂದು ಹೆಜ್ಜೆ ಇಟ್ಟಿದೆ. 2023ರ ಜುಲೈನಲ್ಲಿ ಶುರುವಾದ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಬುಡಕಟ್ಟು ಸಮುದಾಯಗಳ ರಕ್ತ ಪರೀಕ್ಷಿಸಿ, ಮದುವೆಗೆ ಮುಂಚೆ ತಾಳೆ ನೋಡಬಹುದಾದ ಕಾರ್ಡ್ ಕೊಡುತ್ತಿದ್ದಾರೆ. ಕರ್ನಾಟಕವೂ ಅದರಲ್ಲಿದೆ. ಕಾಡಿನಂಚಿನ ಹಾಡಿಗಳಲ್ಲಿ ಆಗಬಹುದಾದದ್ದು ಊರಿನ ಕಲ್ಯಾಣಮಂಟಪಗಳಲ್ಲಿ ಯಾಕೆ ಆಗಬಾರದು? ಬೆಂಗಳೂರಿನಲ್ಲಿ ಮಾನವ ತಳಿವಿಜ್ಞಾನ ಕೇಂದ್ರವಿದೆ, ಮಣಿಪಾಲದಲ್ಲಿ ಇದಕ್ಕೇ ಮೀಸಲಾದ ವಿಭಾಗವಿದೆ. ಆದರೆ ರಾಯಚೂರಿನ, ಚಾಮರಾಜನಗರದ ತಾಯಿ ಅಲ್ಲಿಗೆ ಹೋಗುವುದು ಕಾಯಿಲೆಯ ಮಗುವನ್ನು ಎತ್ತಿಕೊಂಡ ಮೇಲೆ. ಅದಕ್ಕೆ ಮುಂಚೆಯೇ ಅವಳಿಗೆ ಕನ್ನಡದಲ್ಲಿ ವಿವರಿಸಿ ಹೇಳುವ ಒಬ್ಬ ಆಪ್ತಸಮಾಲೋಚಕರು ಪ್ರತಿ ಜಿಲ್ಲಾಸ್ಪತ್ರೆಯಲ್ಲಾದರೂ ಇರಬೇಕು.

ನಾವು ಎಲ್ಲಿಂದ ಬಂದವರು, ಯಾವ ಋಷಿಯ ಸಂತತಿ ಎಂಬ ಕುತೂಹಲ ಇರಲಿ. ವಿಜ್ಞಾನಿಗಳು ಅದಕ್ಕೂ ನಿಧಾನವಾಗಿ ಉತ್ತರ ಹುಡುಕುತ್ತಿದ್ದಾರೆ. ಆದರೆ ಹಿಂದಿನ ಹತ್ತು ತಲೆಮಾರಿನ ಸುದ್ದಿಗಿಂತ ಮುಂದಿನ ಒಂದು ತಲೆಮಾರಿನ ಸುದ್ದಿಯನ್ನು ಡಿಎನ್‌ಎ ಹೆಚ್ಚು ಸ್ಪಷ್ಟವಾಗಿ ಹೇಳಬಲ್ಲದು. ಮನೆಯಲ್ಲಿ ಮದುವೆಯ ಮಾತು ನಡೆಯುತ್ತಿರುವವರು ಈ ವಾರವೇ ಹುಡುಗ-ಹುಡುಗಿ ಇಬ್ಬರಿಗೂ ಪರೀಕ್ಷೆ ಮಾಡಿಸಲಿ. ಮೊದಲು ಹುಡುಗನಿಗೆ ಮಾಡಿಸಿದರೆ ಇನ್ನೂ ಒಳ್ಳೆಯದು.