ಶಾಲು ಹೊದೆಸುವ ಮೊದಲು ದಾಖಲೆ ನೋಡೋಣ

ಆಗಸ್ಟ್ 15, ಜನವರಿ 26, ಕಾರ್ಗಿಲ್ ವಿಜಯ ದಿನವಾದ ಜುಲೈ 26, ಬಾಂಗ್ಲಾ ವಿಜಯದ ಡಿಸೆಂಬರ್ 16 ಬಂತೆಂದರೆ ಮುಂಬಯಿಯ ತುಳು-ಕನ್ನಡಿಗ ಸಂಘ-ಸಂಸ್ಥೆಗಳು ತಮ್ಮೊಳಗಿನ ಮಾಜಿ ಸೈನಿಕರನ್ನು ವೇದಿಕೆಗೆ ಕರೆದು ಶಾಲು, ಪೇಟ, ಫಲಪುಷ್ಪ, ಸ್ಮರಣಿಕೆ ನೀಡಿ ಗೌರವಿಸುವುದು ವಾಡಿಕೆ. ಇದು ಶ್ಲಾಘನೀಯ ಎಂಬುದರಲ್ಲಿ ಎರಡು ಮಾತಿಲ್ಲ. ದೇಶದ ಗಡಿ ಕಾದು ಬಂದವರನ್ನು ಸಮಾಜ ಮರೆಯಬಾರದು. ಆದರೆ ಸನ್ಮಾನ ಪತ್ರ ಓದುವವರು, ಹಾರ ಹಾಕುವವರು, ಫೋಟೋ ತೆಗೆಯುವವರು ಇಷ್ಟೆಲ್ಲ ಮಂದಿಯ ನಡುವೆ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಈ ಹಿರಿಯರಿಗೆ ಸರಕಾರದಿಂದ ಸಲ್ಲಬೇಕಾದ ಪದಕಗಳೆಲ್ಲ ಸಂದಿವೆಯೇ? ಅವರ ಸೇವಾ ದಾಖಲೆಯಲ್ಲಿ ಅವು ನಮೂದಾಗಿವೆಯೇ?

ಕೇಳಿದರೆ ಅನೇಕರ ಉತ್ತರ ‘ಇಲ್ಲ’ ಎಂದೇ ಬರುತ್ತದೆ. ಕೆಲವರಿಗೆ ಪದಕ ಬಂದಿದೆ, ದಾಖಲೆಯಲ್ಲಿಲ್ಲ. ಕೆಲವರಿಗೆ ದಾಖಲೆಯಲ್ಲಿದೆ, ಪದಕ ಕೈ ಸೇರಿಲ್ಲ. ಇನ್ನು ಕೆಲವರಿಗೆ ಎರಡೂ ಇಲ್ಲ. ‘ಹೋಗಲಿ ಬಿಡಿ, ಈಗ ಯಾಕೆ’ ಎಂದು ನಕ್ಕು ಸುಮ್ಮನಾಗುತ್ತಾರೆ. ಅವರು ಸುಮ್ಮನಾಗುವುದು ಅವರ ದೊಡ್ಡತನ. ಸಮಾಜವೂ ಸುಮ್ಮನಿರುವುದು ಸರಿಯಲ್ಲ.

ಪದಕಗಳಲ್ಲಿ ಎರಡು ಬಗೆ ಇವೆ ಎಂಬುದನ್ನು ಮೊದಲು ತಿಳಿದುಕೊಳ್ಳಬೇಕು. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರದಂತಹ ಶೌರ್ಯ ಪ್ರಶಸ್ತಿಗಳು ಒಂದು ಬಗೆ. ಅವು ಮೇಲಧಿಕಾರಿಗಳ ಶಿಫಾರಸಿನ ಮೇಲೆ ಬರುವಂತಹವು, ಅರ್ಜಿ ಹಾಕಿ ಪಡೆಯುವಂತಹವಲ್ಲ. ಇನ್ನೊಂದು ಬಗೆ ಸೇವಾ ಪದಕಗಳು. ನಿಗದಿಯಾದ ಅವಧಿಯಲ್ಲಿ, ನಿಗದಿಯಾದ ಪ್ರದೇಶದಲ್ಲಿ ಕರ್ತವ್ಯದಲ್ಲಿದ್ದವರೆಲ್ಲರಿಗೂ ಇವು ಸಲ್ಲುತ್ತವೆ. 1965ರ ಯುದ್ಧಕ್ಕೆ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್, 1971ರ ಯುದ್ಧಕ್ಕೆ ಪೂರ್ವಿ ಸ್ಟಾರ್, ಪಶ್ಚಿಮಿ ಸ್ಟಾರ್ ಮತ್ತು ಸಂಗ್ರಾಮ್ ಮೆಡಲ್, 1999ರ ಕಾರ್ಗಿಲ್ ಯುದ್ಧಕ್ಕೆ ಆಪರೇಶನ್ ವಿಜಯ್ ಸ್ಟಾರ್ ಮತ್ತು ಮೆಡಲ್ ಇವೆ. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೇ ವರ್ಷದ ಪದಕ, 1997ರ ಆಗಸ್ಟ್ 15ರಂದು ಇದ್ದವರಿಗೆ 50ನೇ ವರ್ಷದ ಪದಕ ಇವೆ. ದೀರ್ಘ ಸೇವೆಗೆ 9, 20, 30 ವರ್ಷದ ಪದಕಗಳೂ ಇವೆ. ಇವು ಯಾರ ಕೃಪೆಯೂ ಅಲ್ಲ, ಸೈನಿಕನ ಹಕ್ಕು.

ಹಾಗಿದ್ದ ಮೇಲೆ ಬಿಟ್ಟುಹೋಗುವುದು ಹೇಗೆ? ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಸೈನಿಕನ ಮದುವೆ, ಮಕ್ಕಳ ಜನನ, ಬಡ್ತಿ, ಪದಕ ಹೀಗೆ ಪ್ರತಿಯೊಂದು ಸಂಗತಿಯನ್ನು ಆತನ ಯೂನಿಟ್ ‘ಪಾರ್ಟ್ ಟು ಆರ್ಡರ್’ ಎಂಬ ಆದೇಶದಲ್ಲಿ ಪ್ರಕಟಿಸಬೇಕು. ಅದು ರೆಕಾರ್ಡ್ ಆಫೀಸಿಗೆ ತಲುಪಿ ಅಲ್ಲಿ ನಮೂದಾಗಬೇಕು. ಯುದ್ಧದ ಪದಕಗಳು ಘೋಷಣೆಯಾಗುವುದೇ ಯುದ್ಧ ಮುಗಿದ ಮೇಲೆ. ಅಷ್ಟರಲ್ಲಿ ಸೈನಿಕನಿಗೆ ಬೇರೆ ಯೂನಿಟ್‌ಗೆ ವರ್ಗವಾಗಿರುತ್ತದೆ, ಇಲ್ಲವೇ ಗಾಯಗೊಂಡು ಆಸ್ಪತ್ರೆಯಲ್ಲಿರುತ್ತಾನೆ, ಇಲ್ಲವೇ ನಿವೃತ್ತನಾಗಿ ಊರಿಗೆ ಬಂದಿರುತ್ತಾನೆ. ಹಳೆಯ ಯೂನಿಟ್ ಹೊಸತು ಬರೆಯಲಿ ಎನ್ನುತ್ತದೆ, ಹೊಸ ಯೂನಿಟ್‌ಗೆ ಹಳೆಯ ವಿಷಯ ಗೊತ್ತಿರುವುದಿಲ್ಲ. ನಮ್ಮವರಿಗೆ ಹೆಸರಿನ ತೊಡಕು ಬೇರೆ. ಊರಿನ ಹೆಸರು, ತಂದೆಯ ಹೆಸರು, ಮನೆತನದ ಹೆಸರು, ಇನಿಶಿಯಲ್ ಇವು ಭರ್ತಿಯ ದಿನ ಉತ್ತರದ ಗುಮಾಸ್ತನ ಲೇಖನಿಯಲ್ಲಿ ಏನೇನೋ ಆಗಿ, ಒಂದು ಕಾಗದದಲ್ಲಿ ಒಂದು ಹೆಸರು, ಇನ್ನೊಂದರಲ್ಲಿ ಇನ್ನೊಂದು ಹೆಸರು ಉಳಿದುಬಿಡುತ್ತದೆ.

ಬ್ಯಾಂಕಿಗೆ ಹಣ ಕಟ್ಟಿದ ಚಲನ್ ಕೈಯಲ್ಲಿದ್ದು ಪಾಸ್‌ಬುಕ್ಕಿನಲ್ಲಿ ಅದು ಜಮಾ ಆಗಿಲ್ಲವೆಂದಾದರೆ ಯಾರಾದರೂ ‘ಹೋಗಲಿ ಬಿಡಿ’ ಎನ್ನುತ್ತಾರೆಯೇ? ಮರುದಿನವೇ ಕೌಂಟರಿನ ಮುಂದೆ ನಿಲ್ಲುತ್ತಾರೆ. ಯುದ್ಧಭೂಮಿಯಲ್ಲಿ ಕಳೆದ ದಿನಗಳ ಜಮಾ ಆಗದಿದ್ದರೆ ಮಾತ್ರ ಅದು ಕೇಳಬಾರದ ವಿಷಯ ಎಂಬ ಸಂಕೋಚ. ಈ ಸಂಕೋಚ ಮೊದಲು ಹೋಗಬೇಕು. ಬಿಟ್ಟುಹೋದ ನಮೂದನ್ನು ಸರಿಪಡಿಸಿ ಎನ್ನುವುದು ಬೇಡುವುದಲ್ಲ, ಲೆಕ್ಕ ಒಪ್ಪಿಸಿ ಎಂದು ಕೇಳುವುದು.

ಕೇಳುವವರಿದ್ದರೆ ದಾಖಲೆ ಎಷ್ಟು ತಡವಾಗಿಯಾದರೂ ಬದಲಾಗುತ್ತದೆ ಎಂಬುದಕ್ಕೆ ಕನ್ನಡ ನಾಡಿನದೇ ಒಂದು ದೊಡ್ಡ ಉದಾಹರಣೆಯಿದೆ. ಶೌರ್ಯ ಪ್ರಶಸ್ತಿಯ ವಿಷಯವಾದರೂ ಅದರ ಪಾಠ ಎಲ್ಲರಿಗೂ ಅನ್ವಯಿಸುತ್ತದೆ. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಅವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಮಿಸ್ಟೇರ್ ವಿಮಾನದಲ್ಲಿ ಹೊರಟವರು. ಅವರು ಅಂದು ಕಾಯ್ದಿರಿಸಿದ ಪೈಲಟ್ ಆಗಿದ್ದು, ತಂಡದಲ್ಲಿ ತೆರವಾದ ಸ್ಥಾನಕ್ಕೆ ಸೇರಿಕೊಂಡಿದ್ದರು. ಅವರು ಹಿಂತಿರುಗಲಿಲ್ಲ. ನಮ್ಮ ದಾಖಲೆಯಲ್ಲಿ ಅವರು ‘ಕಾಣೆಯಾದವರು’ ಅಷ್ಟೇ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಆ ಯುದ್ಧದ ಬಗ್ಗೆ ಪುಸ್ತಕ ಬರೆದಾಗ, ಅಂದು ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ವಿಮಾನವೊಂದು ಮಿಸ್ಟೇರ್ ವಿಮಾನದ ಜತೆಗಿನ ಕಾದಾಟದಲ್ಲಿ ಉರುಳಿತ್ತು ಎಂಬ ಸಂಗತಿ ಹೊರಬಿತ್ತು. ಶಬ್ದದ ಎರಡು ಪಟ್ಟು ವೇಗದ ಆ ವಿಮಾನವನ್ನು ಅದಕ್ಕಿಂತ ಎಷ್ಟೋ ನಿಧಾನದ ಮಿಸ್ಟೇರ್‌ನಿಂದ ಕೆಡವಿದವರು ದೇವಯ್ಯನವರಲ್ಲದೆ ಬೇರಾರೂ ಆಗಿರಲು ಸಾಧ್ಯವಿರಲಿಲ್ಲ. ಅಂದಿನ ದಾಳಿಯ ನೇತೃತ್ವ ವಹಿಸಿದ್ದ ಓ.ಪಿ. ತನೇಜಾ ಅವರು ವಿಷಯವನ್ನು ಬಿಡದೆ ವಾಯುಪಡೆಯ ಗಮನಕ್ಕೆ ತಂದರು. 1988ರಲ್ಲಿ, ಅಂದರೆ 23 ವರ್ಷಗಳ ಬಳಿಕ, ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದಿತು. ಸರ್ಗೋಧಾ ದಾಳಿಯ ಕಥೆಯನ್ನಾಧರಿಸಿದ ‘ಸ್ಕೈ ಫೋರ್ಸ್’ ಹಿಂದಿ ಚಿತ್ರ 2025ರ ಜನವರಿಯಲ್ಲಿ ಮುಂಬಯಿಯಲ್ಲೂ ತೆರೆಕಂಡಿತ್ತು.

ಇಲ್ಲಿ ಗಮನಿಸಬೇಕಾದದ್ದು ಇಷ್ಟೇ. ದೇವಯ್ಯನವರ ಸಾಹಸ 1965ರಲ್ಲಿ ಎಷ್ಟಿತ್ತೋ 1988ರಲ್ಲೂ ಅಷ್ಟೇ ಇತ್ತು. ಬದಲಾದದ್ದು ಕಾಗದ ಮಾತ್ರ. ಅದು ಬದಲಾಗಲು ಒಬ್ಬ ಜತೆಗಾರ ಬೆನ್ನು ಹತ್ತಬೇಕಾಯಿತು. ನಮ್ಮ ಸುತ್ತಲಿನ ಸಿಪಾಯಿ, ಹವಾಲ್ದಾರ, ನಾವಿಕರ ಬೆನ್ನಿಗೆ ಅಂತಹ ಜತೆಗಾರರು ಯಾರಿದ್ದಾರೆ?

ಸೇವಾ ಪದಕದಿಂದ ಪಿಂಚಣಿ ಹೆಚ್ಚುವುದಿಲ್ಲ, ಒಂದು ರೂಪಾಯಿಯೂ ಬರುವುದಿಲ್ಲ, ಮತ್ತೇಕೆ ಈ ತಾಪತ್ರಯ ಎನ್ನುವವರಿದ್ದಾರೆ. ಮಾತು ನಿಜ. ಆದರೆ ಎಲ್ಲವನ್ನೂ ರೂಪಾಯಿಯಲ್ಲಿ ಅಳೆಯುವುದಾದರೆ ಸೈನ್ಯಕ್ಕೆ ಸೇರುವವರೇ ಇರುತ್ತಿರಲಿಲ್ಲ. ಈ ವ್ಯಕ್ತಿ ಇಂಥ ಯುದ್ಧದಲ್ಲಿ ಇಂಥ ರಂಗದಲ್ಲಿದ್ದ ಎಂಬುದಕ್ಕೆ ಸರಕಾರವೇ ಕೊಟ್ಟ ಸಾಕ್ಷಿ ಆ ಪದಕ. ಸೇನೆ ಬಿಟ್ಟ ಬಳಿಕ ಮುಂಬಯಿಗೆ ಬಂದು ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು, ಸೊಸೈಟಿಗಳ ಗೇಟಿನಲ್ಲಿ ರಾತ್ರಿಪಾಳಿ ಮಾಡಿ ಮಕ್ಕಳನ್ನು ಓದಿಸಿದವರು ನಮ್ಮಲ್ಲಿ ಎಷ್ಟೋ ಮಂದಿ. ಅವರ ಮೊಮ್ಮಕ್ಕಳಿಗೆ ‘ವಾಚ್‌ಮನ್ ಅಜ್ಜ’ ಗೊತ್ತು, 1971ರ ಯೋಧ ಗೊತ್ತಿಲ್ಲ.

ಇದಕ್ಕೆ ಕಾಲವೂ ಕಾಯುವುದಿಲ್ಲ. 1971ರಲ್ಲಿ 20 ವರ್ಷದವನಾಗಿದ್ದ ಸೈನಿಕನಿಗೆ ಈಗ 70 ದಾಟಿ ವರ್ಷಗಳಾದವು. ಜತೆಗಿದ್ದವರು, ‘ಹೌದು, ಇವನು ನಮ್ಮೊಂದಿಗಿದ್ದ’ ಎಂದು ಹೇಳಬಲ್ಲವರು, ಒಬ್ಬೊಬ್ಬರಾಗಿ ತೀರಿಕೊಳ್ಳುತ್ತಿದ್ದಾರೆ. ಅದಕ್ಕಿಂತ ಮುಖ್ಯವಾದ ಸಂಗತಿಯೊಂದು ಬಹಳ ಮಂದಿಗೆ ತಿಳಿದಿಲ್ಲ. ಪಿಂಚಣಿಗೆ ಬೇಕಾದ 15 ವರ್ಷದ ಸೇವೆ ಪೂರೈಸದೆ, ಪಿಂಚಣಿಯಿಲ್ಲದೆ ಬಿಡುಗಡೆಯಾದ ಸೈನಿಕರ ಸೇವಾ ಕಡತಗಳನ್ನು 25 ವರ್ಷಗಳ ಬಳಿಕ ನಾಶಪಡಿಸಲು ಸೇನಾ ನಿಯಮದಲ್ಲೇ ಅವಕಾಶವಿದೆ. ಆಮೇಲೆ ಉಳಿಯುವುದು ‘ಲಾಂಗ್ ರೋಲ್’ ಎಂಬ ಪಟ್ಟಿಯಲ್ಲಿನ ಚುಟುಕು ವಿವರ ಮಾತ್ರ. ಅಂಥವರ ಪಾಲಿಗೆ ಮನೆಯ ಕಪಾಟಿನಲ್ಲಿರುವ ಡಿಸ್ಚಾರ್ಜ್ ಬುಕ್ಕೇ ಆಧಾರ. ಅದು ಚಾಳ್ ಬಿಟ್ಟು ಫ್ಲಾಟ್‌ಗೆ ಹೋಗುವಾಗ ಕಳೆದರೆ, 2005ರ ಜುಲೈ 26ರಂತಹ ಮಳೆನೀರಿನಲ್ಲಿ ನೆನೆದರೆ ಮುಗಿಯಿತು.

ಸರಕಾರದಲ್ಲಿರುವ ಕಾಗದ ಸದಾ ಭದ್ರ ಎಂದೂ ತಿಳಿಯಬಾರದು. ಅಮೆರಿಕದಂತಹ ದೇಶದಲ್ಲೇ 1973ರ ಜುಲೈ 12ರಂದು ಸೇಂಟ್ ಲೂಯಿಸ್ ನಗರದ ದಾಖಲೆ ಕೇಂದ್ರಕ್ಕೆ ಬೆಂಕಿ ಬಿದ್ದು ಸೈನಿಕರ 1.6ರಿಂದ 1.8 ಕೋಟಿಯಷ್ಟು ಕಡತಗಳು ನಾಶವಾದವು. ಅವಕ್ಕೆ ನಕಲು ಇರಲಿಲ್ಲ. ಸಂಬಳದ ಪಟ್ಟಿ, ಆಸ್ಪತ್ರೆಯ ಕಾಗದ, ಮನೆಯವರಲ್ಲಿದ್ದ ಪ್ರತಿಗಳಿಂದ ಒಬ್ಬೊಬ್ಬರ ಸೇವೆಯನ್ನು ಮತ್ತೆ ಜೋಡಿಸುವ ಕೆಲಸ ಅಲ್ಲಿ ದಶಕಗಳ ಕಾಲ ನಡೆಯಿತು. ಮನೆಯ ಪ್ರತಿಯ ಬೆಲೆ ಏನೆಂದು ಇದರಿಂದ ತಿಳಿಯಬಹುದು.

ಹಾಗಾದರೆ ಮಾಡಬೇಕಾದುದೇನು? ದಾರಿ ಕಠಿಣವಲ್ಲ, ತಾಳ್ಮೆ ಬೇಕು ಅಷ್ಟೇ. ಡಿಸ್ಚಾರ್ಜ್ ಬುಕ್ಕಿನ ಪದಕಗಳ ಪುಟ ತೆರೆದು, ಸೇವೆ ಸಲ್ಲಿಸಿದ ಸ್ಥಳ-ಅವಧಿಗಳ ಜತೆ ತಾಳೆ ನೋಡಬೇಕು. ಬಿಟ್ಟುಹೋದದ್ದು ಕಂಡರೆ ತಮ್ಮ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಬೇಕು. ಸೇನಾ ನಂಬರ್, ರ್‍ಯಾಂಕ್, ಡಿಸ್ಚಾರ್ಜ್ ಬುಕ್ಕಿನಲ್ಲಿರುವಂತೆಯೇ ಹೆಸರು, ಭರ್ತಿಯಾದ ಮತ್ತು ಬಿಡುಗಡೆಯಾದ ತಾರೀಖು, ಯಾವ ಯೂನಿಟ್‌ನಲ್ಲಿ ಎಂದಿನಿಂದ ಎಂದಿನವರೆಗೆ, ಬಿಟ್ಟುಹೋದ ಪದಕದ ಹೆಸರು ಇಷ್ಟು ಪತ್ರದಲ್ಲಿ ಸ್ಪಷ್ಟವಾಗಿರಲಿ. ಡಿಸ್ಚಾರ್ಜ್ ಬುಕ್ ಮತ್ತು ಪಿಂಚಣಿ ಆದೇಶದ ಜೆರಾಕ್ಸ್ ಲಗತ್ತಿಸಿ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಕಾದಿಡಬೇಕು. ಅಸಲು ಕಾಗದವನ್ನು ಯಾರಿಗೂ ಕೊಡಕೂಡದು. ನಮೂದು ಆಗಬೇಕು ಎಂಬುದನ್ನೂ ಪದಕ ಸಿಗಬೇಕು ಎಂಬುದನ್ನೂ ಬೇರೆ ಬೇರೆಯಾಗಿ ಕೇಳಬೇಕು. ಯೋಧರು ತೀರಿಕೊಂಡಿದ್ದರೆ ಪತ್ನಿ ಇಲ್ಲವೇ ಮಕ್ಕಳು ಸಂಬಂಧದ ದಾಖಲೆಯೊಂದಿಗೆ ಬರೆಯಬಹುದು.

ಮುಂಬಯಿಯವರಿಗೆ ಈ ಕಚೇರಿಗಳು ದೂರವೂ ಅಲ್ಲ. ನೌಕಾಪಡೆಯ ನಾವಿಕರ ದಾಖಲೆಗಳು ಇಲ್ಲೇ ಮಾನ್‌ಖುರ್ದ್‌ನ ಬ್ಯೂರೋ ಆಫ್ ಸೇಲರ್ಸ್‌ನಲ್ಲಿವೆ. ಆರ್ಟಿಲರಿಯದು ನಾಸಿಕ್ ರೋಡ್, ಆರ್ಮರ್ಡ್ ಕೋರ್‌ನದು ಹಿಂದಿನ ಅಹಮದ್‌ನಗರವಾದ ಅಹಿಲ್ಯಾನಗರ, ಮರಾಠಾ ಲೈಟ್ ಇನ್‌ಫೆಂಟ್ರಿಯದು ನಮ್ಮ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್ ಎಂದು ಹೆಸರಾದ ಎಂಇಜಿಯದು ಬೆಂಗಳೂರು. ಇಎಂಇಯದು ಸಿಕಂದರಾಬಾದ್, ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲಿಂಗ್ಟನ್, ವಾಯುಪಡೆಯದು ದಿಲ್ಲಿಯ ಸುಬ್ರೋತೋ ಪಾರ್ಕ್. ಉತ್ತರ ಬಾರದಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯ ಮೂಲಕ ಮತ್ತೆ ಬರೆಯಿಸಬಹುದು. 2005ರ ಮಾಹಿತಿ ಹಕ್ಕು ಕಾಯಿದೆಯಡಿ 10 ರೂಪಾಯಿ ಶುಲ್ಕದಲ್ಲಿ ಅರ್ಜಿಯ ಗತಿ ಏನಾಯಿತೆಂದು ಕೇಳಿದರೆ 30 ದಿನದಲ್ಲಿ ಉತ್ತರ ಕೊಡಬೇಕು. ಕೊನೆಯ ಮೆಟ್ಟಿಲಾಗಿ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಪೀಠ ಮುಂಬಯಿಯಲ್ಲೇ ಇದೆ. ಆದರೆ ಅಷ್ಟು ದೂರ ಹೋಗುವ ಮೊದಲೇ ಬಹಳಷ್ಟು ವಿಷಯಗಳು ಒಂದು ಸರಿಯಾದ ಪತ್ರದಿಂದ ಮುಗಿಯಬಲ್ಲವು.

ಆ ಸರಿಯಾದ ಪತ್ರ ಬರೆಯುವುದೇ 75, 80ರ ಹಿರಿಯರಿಗೆ ಕಷ್ಟ. ಸಂಘ-ಸಂಸ್ಥೆಗಳು ಮುಂದೆ ಬರಬೇಕಾದುದು ಇಲ್ಲಿ. ಹಗಲು ಹೊಟೇಲಿನಲ್ಲಿ ದುಡಿದ ಹುಡುಗರಿಗೆ ರಾತ್ರಿಶಾಲೆ ನಡೆಸಿ ಅಕ್ಷರ ಕಲಿಸಿದ ಪರಂಪರೆ ಈ ನಗರದ ಕನ್ನಡಿಗರದು. ಅದೇ ಪರಂಪರೆಯವರಿಗೆ ನಾಲ್ಕು ಅರ್ಜಿ ಬರೆಯುವುದು ದೊಡ್ಡ ಮಾತಲ್ಲ. ಪ್ರತಿ ಸಂಘವೂ ತನ್ನ ಸದಸ್ಯರಲ್ಲಿರುವ ಮಾಜಿ ಸೈನಿಕರ ಮತ್ತು ವೀರ ಪತ್ನಿಯರ ಪಟ್ಟಿ ಮಾಡಲಿ. ವರ್ಷಕ್ಕೆರಡು ಭಾನುವಾರ ಸಂಘದ ಕಚೇರಿಯಲ್ಲಿ ಕುಳಿತು ಅವರ ಕಾಗದ ನೋಡಲಿ. ನಿವೃತ್ತ ಬ್ಯಾಂಕ್ ನೌಕರರು, ವಕೀಲರು, ಸೇನೆಯ ನಿವೃತ್ತ ಗುಮಾಸ್ತರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕಾಲೇಜು ಹುಡುಗರು ಸ್ಕ್ಯಾನ್ ಮಾಡಿ ಪೆನ್‌ಡ್ರೈವ್‌ನಲ್ಲಿ ಹಾಕಿಕೊಡಲಿ. ಅದೇ ಹೊತ್ತಿಗೆ ‘ಸ್ಪರ್ಶ್’ ಪಿಂಚಣಿ ವ್ಯವಸ್ಥೆಯಲ್ಲಿ ಹೆಸರು, ಜನ್ಮದಿನಾಂಕ ಸರಿಯಿದೆಯೇ ಎಂದೂ ನೋಡಿಬಿಟ್ಟರೆ ವಿಧವೆಯರಿಗೆ ಮುಂದೆ ಕುಟುಂಬ ಪಿಂಚಣಿಯ ವೇಳೆ ಪರದಾಟ ತಪ್ಪುತ್ತದೆ.

ಒಂದೆರಡು ಎಚ್ಚರದ ಮಾತೂ ಅಗತ್ಯ. ಹಣ ಕೊಟ್ಟರೆ ಪದಕ ತರಿಸುತ್ತೇವೆ ಎನ್ನುವ ದಲ್ಲಾಳಿಗಳನ್ನು ಬಾಗಿಲಿಗೆ ಸೇರಿಸಬಾರದು. ಸಲ್ಲದ ಪದಕಕ್ಕೆ ಆಸೆ ಪಡುವವರಿಗೆ ಸಂಘ ಬೆಂಬಲ ಕೊಡಬಾರದು. ಒಂದು ಸುಳ್ಳು ಅರ್ಜಿ ಹತ್ತು ನಿಜವಾದ ಅರ್ಜಿಗಳ ಮೇಲೆ ಸಂಶಯ ತರುತ್ತದೆ. ಯಾರು ಅರ್ಹರು ಎಂದು ತೀರ್ಮಾನಿಸುವುದು ರೆಕಾರ್ಡ್ ಆಫೀಸಿನ ಕೆಲಸ. ಕಾಗದವನ್ನು ಸರಿಯಾಗಿ ಅದರ ಮೇಜಿಗೆ ತಲುಪಿಸುವುದಷ್ಟೇ ನಮ್ಮದು.

ಸರಕಾರದ ಹೊಣೆ ಇದರಿಂದ ಕಡಿಮೆಯಾಗುವುದಿಲ್ಲ. ಅಧಿಕೃತ ಪದಕ ಬಾರದೆ ಅಂಗಡಿಯಲ್ಲಿ ಅದೇ ಮಾದರಿಯದನ್ನು ಕೊಂಡು ಎದೆಗೆ ಹಚ್ಚಿಕೊಳ್ಳಬೇಕಾಗಿ ಬಂದ ಸೈನಿಕರ ಕಥೆ ಗುಟ್ಟೇನಲ್ಲ. ಸೈನಿಕ ಕೇಳಿದ ಮೇಲೆ ಹುಡುಕುವುದಲ್ಲ, 1965 ಮತ್ತು 1971ರ ಯುದ್ಧಗಳಲ್ಲಿ ಭಾಗವಹಿಸಿದ ಯೂನಿಟ್‌ಗಳ ಪಟ್ಟಿ ಹಿಡಿದು ಬದುಕಿರುವವರ ದಾಖಲೆಯನ್ನು ತಾನಾಗಿ ಪರಿಶೀಲಿಸುವುದು ರಕ್ಷಣಾ ಇಲಾಖೆಯ ಧರ್ಮ. ನಮ್ಮ ಸಂಸದರೂ ಶಾಸಕರೂ ಸನ್ಮಾನ ಸಭೆಗಳಲ್ಲಿ ಭಾಷಣ ಮಾಡಿ ಹೋಗುವ ಬದಲು ಈ ಬೇಡಿಕೆಯನ್ನು ಮೇಲಕ್ಕೆ ಒಯ್ಯಲಿ.

ಮುಂದಿನ ಸನ್ಮಾನ ಸಮಾರಂಭಕ್ಕೆ ಆಮಂತ್ರಣ ಪತ್ರಿಕೆ ಅಚ್ಚು ಹಾಕಿಸುವ ಮೊದಲು ಪದಾಧಿಕಾರಿಗಳು ಆ ಹಿರಿಯರ ಮನೆಗೆ ಹೋಗಿ ಡಿಸ್ಚಾರ್ಜ್ ಬುಕ್ ಒಮ್ಮೆ ನೋಡಲಿ. ಎಲ್ಲ ಸರಿಯಿದ್ದರೆ ಸಂತೋಷ, ಇಲ್ಲದಿದ್ದರೆ ಅಂದೇ ಅರ್ಜಿ ಬರೆಯಲಿ. ಶಾಲು ನಾವು ಯಾವಾಗ ಬೇಕಾದರೂ ಹೊದೆಸಬಹುದು. ಪದಕವನ್ನು ಅವರೇ ಕೈಯಾರೆ ತೆಗೆದುಕೊಳ್ಳಬೇಕಾದರೆ ಉಳಿದಿರುವ ಸಮಯ ಕಡಿಮೆ.